ಕೊಂಡವಾಡದ ಲೇಥು

ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಅಂತ ಒಂದಿದೆ. ಪೇಟೆಯ ನಡುವಿನ ರಸ್ತೆ, ಎರಡೂ ಕಡೆ ಅಂಗಡಿಗಳು, ಹಬ್ಬದ ದಿನಗಳಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಕಿರ್ಲೋಸ್ಕರ್ ಕಾರ್ಖಾನೆ ಮಾತ್ರ ಅಲ್ಲಿಲ್ಲ. ಆ ಊರಲ್ಲೇ ಹುಟ್ಟಿದ ಉದ್ಯೋಗ ಆ ಊರು ಬಿಟ್ಟು ಎದ್ದು ಹೋಯಿತು. ಯಾಕೆ ಹೋಯಿತು ಎಂಬುದನ್ನು ನಾನು ಮೊದಲು ಕೇಳಿದ್ದು ಎಂಬತ್ತರ ದಶಕದ ಒಂದು ಚಳಿಗಾಲದ ರಾತ್ರಿ, ನಮ್ಮೂರ ಮಿಸ್ತ್ರಿಯ ಕುಲುಮೆಯ ಮುಂದೆ.

ಮಿಸ್ತ್ರಿಯ ಶೆಡ್ಡು ಹಳೇ ಬಸ್ ನಿಲ್ದಾಣದ ಹಿಂದೆ ಇತ್ತು. ನಾಲ್ಕು ತಗಡು, ಒಂದು ಹಳೇ ಲೇಥು, ಒಂದು ವೆಲ್ಡಿಂಗ್ ಯಂತ್ರ. ಜಾಗ ಪುರಸಭೆಯದು, ವರ್ಷಕ್ಕೊಮ್ಮೆ ಬಾಡಿಗೆ ಕಟ್ಟುತ್ತಿದ್ದ. ಹಗಲೆಲ್ಲ ಪಂಪ್‌ಸೆಟ್ಟು ರಿಪೇರಿ, ಟ್ರೇಲರ್ ಬೆಸುಗೆ. ಸಂಜೆಯ ಮೇಲೆ ಅವನದೇ ಒಂದು ಹುಚ್ಚು. ಎತ್ತಿನ ಕೂರಿಗೆಯಲ್ಲಿ ಬಿತ್ತುವಾಗ ಹಿಂದೆ ನಡೆಯುವ ಹೆಂಗಸು ಬಟ್ಟಲಿಗೆ ಮುಷ್ಟಿಯಿಂದ ಕಾಳು ಬಿಡುತ್ತಾಳಲ್ಲ, ಕೈ ಸೋತಂತೆ ಕಾಳು ಕೆಲವು ಕಡೆ ದಟ್ಟ, ಕೆಲವು ಕಡೆ ವಿರಳ. ಮಿಸ್ತ್ರಿ ಬಟ್ಟಲಿನ ತಳದಲ್ಲಿ ಹಲ್ಲುಹಲ್ಲಾದ ಒಂದು ಉರುಳೆ ಕೂರಿಸಿದ್ದ. ಪಕ್ಕದ ಚಕ್ರ ನೆಲದ ಮೇಲೆ ಉರುಳಿದಂತೆ ಹಳೇ ಸೈಕಲ್ ಚೈನು ಆ ಉರುಳೆಯನ್ನು ತಿರುಗಿಸಬೇಕು, ಒಂದೊಂದು ಹಲ್ಲಿಗೆ ಇಷ್ಟಿಷ್ಟೇ ಕಾಳು ಕೊಳವೆಗೆ ಇಳಿಯಬೇಕು. ಜೋಳಕ್ಕೆ ಸರಿಹೋಯಿತು. ಕಡಲೆ ಹಾಕಿದರೆ ಹಲ್ಲಿಗೆ ಸಿಕ್ಕಿ ಹೋಳಾಗುತ್ತಿತ್ತು. ಮತ್ತೆ ಬಿಚ್ಚುವುದು, ಮತ್ತೆ ಅರೆಯುವುದು. ನೋಡಲು ಬಂದ ರೈತರು ಚಹಾ ಕುಡಿದು, ತಲೆ ಅಲ್ಲಾಡಿಸಿ, ಹೋಗುತ್ತಿದ್ದರು.

ಅಷ್ಟರಲ್ಲಿ ನೋಟೀಸು ಬಂತು. ಹದಿನೈದು ದಿನದೊಳಗೆ ಜಾಗ ಖುಲ್ಲಾ ಮಾಡಬೇಕು. ಕಾರಣ? ಊರಿನ ವ್ಯಾಪಾರ ಅಭಿವೃದ್ಧಿಗಾಗಿ ಅಲ್ಲಿ ಪುರಸಭೆಯ ವಾಣಿಜ್ಯ ಮಳಿಗೆ ಕಟ್ಟುವುದು. ಇದು ಇಂದಿಗೂ ನಮ್ಮ ಪುರಸಭೆಗಳ ಪ್ರೀತಿಯ ಕೆಲಸ. ಅಭಿವೃದ್ಧಿ ಎಂದರೆ ಮಳಿಗೆ. ಮಳಿಗೆ ಎಂದರೆ ಠೇವಣಿ, ಬಾಡಿಗೆ ಮತ್ತು ಉದ್ಘಾಟನೆಯ ಕಲ್ಲು. ಆ ಮಳಿಗೆಯಲ್ಲಿ ಮಾರುವ ಸಾಮಾನನ್ನು ಯಾರು ತಯಾರಿಸಬೇಕು ಎಂಬ ಪ್ರಶ್ನೆ ಠರಾವಿನ ಪುಸ್ತಕದಲ್ಲಿ ಏಳುವುದಿಲ್ಲ.

ನಮ್ಮ ವಾರ್ಡಿನ ಮೆಂಬರ್ ಹೊಸಬ, ಒಳ್ಳೆಯವ, ಸ್ವಲ್ಪ ಪುಕ್ಕಲ. ಸಭೆಯ ಹಿಂದಿನ ರಾತ್ರಿ ಅವನನ್ನು ಶೆಡ್ಡಿಗೆ ಕರೆತಂದದ್ದು ಹರಿಹರದ ಕಾಕಾ. ಕಾಕಾ ನಮ್ಮೂರವರೇ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದ ಮೇಲೆ ಊರಿಗೆ ಮರಳಿದವರು. ಆ ಕಾರ್ಖಾನೆ 1941ರಲ್ಲಿ ಶುರುವಾದದ್ದು. ಅಲ್ಲಿನ ಲೇಥುಗಳು ದೇಶದ ಮೂಲೆಮೂಲೆಗೆ ಹೋಗುತ್ತಿದ್ದ ಕಾಲ ಅದು. ಕಾಕಾ ಕುಲುಮೆಗೆ ಇದ್ದಿಲು ಹಾಕಿಸಿ, ಗೋಣಿ ಚೀಲದ ಮೇಲೆ ಕೂತು, ತಂಬಾಕು ತಿಕ್ಕುತ್ತಾ ಮೆಂಬರನ ಕಡೆ ನೋಡದೆ ಶುರುಮಾಡಿದರು.

“ಬೆಳಗಾವಿ ಮುನ್ಸಿಪಾಲ್ಟಿಯವ್ರು ಮಾಡಿದ್ದ ನೀವೂ ಮಾಡಾವ್ರೇನ್ರಿ ಸಾಹೇಬ್ರ?”

“ಏನ್ ಮಾಡಿದ್ರು ಕಾಕಾ?”

ಆಮೇಲೆ ಒಂದು ತಾಸು ಬೇರೆ ಯಾರೂ ಮಾತಾಡಲಿಲ್ಲ. ಕಾಕಾ ಹೇಳಿದ್ದನ್ನು ನಾನು ಮುಂದೆ ಪುಸ್ತಕಗಳಲ್ಲೂ ಹುಡುಕಿ ಓದಿದೆ, ಕಥೆ ಹೆಚ್ಚುಕಡಿಮೆ ಅವರು ಹೇಳಿದಂತೆಯೇ ಇದೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗಬೇಕೆಂದು ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದರು. ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಅಲ್ಲಿ ಗೊತ್ತಾಯಿತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ಮುಂಬೈಯಿಂದ ಸೈಕಲ್ಲು ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣ ಅದನ್ನು ಮಾರುವುದು, ಹೀಗೆ ಅಣ್ಣತಮ್ಮಂದಿರ ಅಂಗಡಿ ನಡೆಯಿತು. ಸೈಕಲ್ಲು ಕೊಂಡವರಿಗೆ ಹತ್ತಲು ಬರಬೇಕಲ್ಲ, ಅದನ್ನೂ ಕಲಿಸುತ್ತಿದ್ದರು, ಹದಿನೈದು ರೂಪಾಯಿಗೆ. ಇಲ್ಲಿ ಕಾಕಾ ನಿಲ್ಲಿಸಿ, “ಆಗಿನ ಹದಿನೈದು ರೂಪಾಯಿ, ತಮ್ಮಾ” ಎಂದು ನನ್ನ ಕಡೆ ಬೆರಳು ತೋರಿಸಿದ್ದು ನೆನಪಿದೆ.

ಮುಂಬೈಯಲ್ಲಿ ತನಗೆ ಸಿಗಬೇಕಾದ ಬಡ್ತಿ ಬೇರೆಯವರ ಪಾಲಾದಾಗ ಲಕ್ಷ್ಮಣರಾಯರು ನೌಕರಿ ಬಿಟ್ಟು ಬೆಳಗಾವಿಗೇ ಬಂದರು. ಕಣಿಕೆ ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ನೇಗಿಲು ಕೊಳ್ಳುವವರಿಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ಮಿಸ್ತ್ರಿ ಆತನಕ ಕುಲುಮೆಯ ಕೆಂಡ ಕೆದಕುತ್ತಾ ಕೂತಿದ್ದವನು, ಇದನ್ನು ಕೇಳಿ ತಲೆಯೆತ್ತಿದ. ಅವನ ಕೂರಿಗೆಗೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಅಂತೂ ನೇಗಿಲು ಹೊಲಕ್ಕಿಳಿಯುವ ಕಾಲಕ್ಕೆ ಮುನ್ಸಿಪಾಲ್ಟಿ ಜಾಗ ಬಿಡಿ ಎಂದಿತು. ಊರಿಗೆ ಹೊಸ ಬಡಾವಣೆ ಬೇಕಾಗಿತ್ತು. ಅದೇನು ಅನ್ಯಾಯದ ಮಾತಲ್ಲ, ಮನೆಗಳೂ ಬೇಕು. ಆದರೆ ಯಂತ್ರಗಳನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕು ಎಂಬುದು ಅವರ ತಲೆನೋವಾಗಿರಲಿಲ್ಲ. ಆಗ ಕರೆದವರು ಔಂಧ ಸಂಸ್ಥಾನದ ಪಂತ ಪ್ರತಿನಿಧಿ. ಸಂಸ್ಥಾನವೆಂದರೆ ದೊಡ್ಡದೇನಲ್ಲ, ಅಲ್ಲೊಂದು ಚೂರು ಇಲ್ಲೊಂದು ಚೂರು ಹಳ್ಳಿಗಳು. ಆ ರಾಜ ಸಾಲ ಕೊಟ್ಟ, ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಕೊಟ್ಟ. ಪಾಪಾಸುಕಳ್ಳಿ ಬೆಳೆದ, ನಾಗರಹಾವು ತುಂಬಿದ ಬರಡು ನೆಲ. 1910ರಲ್ಲಿ ಅಲ್ಲಿ ಕಾರ್ಖಾನೆ ಎದ್ದಿತು. ರಾತ್ರಿ ಕಾವಲಿಗೆ ಇಟ್ಟುಕೊಂಡದ್ದು ಜೈಲು ಕಂಡು ಬಂದ ಇಬ್ಬರನ್ನು. ಇವತ್ತು ಆ ನಿಲ್ದಾಣದ ಹೆಸರೇ ಕಿರ್ಲೋಸ್ಕರವಾಡಿ.

“ಬೆಳಗಾವ್ಯಾಗ ಏನ್ ಉಳೀತು? ರಸ್ತೇಕ ಹೆಸರು” ಅಂದರು ಕಾಕಾ. ಅದು ಸ್ವಲ್ಪ ಅತಿಯಾಯಿತು ಅಂತ ನನಗೆ ಈಗ ಅನಿಸುತ್ತದೆ. ಬೆಳಗಾವಿ ಕೈಕಟ್ಟಿ ಕೂರಲಿಲ್ಲ; ಉದ್ಯಮಬಾಗದ ಫೌಂಡ್ರಿಗಳು, ಯಂತ್ರದ ಬಿಡಿಭಾಗ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳು ಆ ಊರಿನ ಹೊಟ್ಟೆ ಹೊರೆಯುತ್ತಿವೆ. ಆದರೆ ಆ ರಾತ್ರಿ ಕಾಕಾ ಚರಿತ್ರೆಯ ಪಾಠ ಮಾಡುತ್ತಿರಲಿಲ್ಲ, ವಕಾಲತ್ತು ನಡೆಸುತ್ತಿದ್ದರು.

ಮೆಂಬರ್ ಕೊನೆಗೆ ಬಾಯಿಬಿಟ್ಟ. “ಕಾಕಾ, ನಮ್ಮಂತಲ್ಲಿ 32 ಎಕರೆ ಎಲ್ಲೈತ್ರಿ?”

“32 ಎಕರೆ ಯಾರ್ ಕೇಳ್ಯಾರ? ಕೊಂಡವಾಡ ಖಾಲೀ ಬಿದ್ದೈತಲ್ಲ.”

ಕೊಂಡವಾಡ ಅಂದರೆ ಬೆಳೆ ಮೇಯ್ದ ದನಗಳನ್ನು ತಂದು ಕೂಡುವ ಪುರಸಭೆಯ ದೊಡ್ಡಿ. ಕಲ್ಲಿನ ಗೋಡೆ, ಕಬ್ಬಿಣದ ಗೇಟು, ಒಳಗೆ ಆಳೆತ್ತರ ಜಾಲಿ. ಅದರಲ್ಲಿ ದನ ಕಂಡು ವರ್ಷಗಳಾಗಿದ್ದವು.

ಮರುದಿನದ ಸಭೆಯನ್ನು ನಾವು ಹತ್ತಾರು ಜನ ಕಿಟಕಿಯ ಹೊರಗೆ ನಿಂತು ಕೇಳಿದೆವು. ಮೆಂಬರ್ ಕಿರ್ಲೋಸ್ಕರ್ ಕಥೆಯನ್ನು ಅರ್ಧ ಮರೆತು, ಇನ್ನರ್ಧ ತಿರುಚಿ ಹೇಳಿದ. ನಾಗರಹಾವು ಮಾತ್ರ ಸರಿಯಾಗಿ ಬಂತು. ಒಬ್ಬ ಹಿರಿಯ ಸದಸ್ಯರು ಎದ್ದು, ಇವತ್ತು ಲೇಥಿಗೆ ಜಾಗ ಕೊಟ್ಟರೆ ನಾಳೆ ಹಿಟ್ಟಿನ ಗಿರಣಿಯವನು ಬರ್ತಾನೆ ಎಂದರು. ಹಿಂದಿನ ಸಾಲಿನಿಂದ ಒಬ್ಬ ಸದಸ್ಯೆ, “ಬರ್ಲಿ ಬಿಡ್ರಿ, ಹಿಟ್ಟರ ಸಿಗ್ತದ” ಅಂದಾಗ ಅಧ್ಯಕ್ಷರೂ ನಕ್ಕರು. ಮುಖ್ಯಾಧಿಕಾರಿ ನಗಲಿಲ್ಲ. ಪುರಸಭೆಯ ಆಸ್ತಿಯನ್ನು ಕಥೆ ಕೇಳಿ ಕೊಡಲಿಕ್ಕೆ ಬರುವುದಿಲ್ಲ, ಲಿಲಾವು ಆಗಲೇಬೇಕು ಎಂದರು. ಅವರ ಮಾತೂ ಸರಿಯೇ. ಕಥೆ ಕೇಳಿ ಕೊಡುತ್ತಾ ಹೋದರೆ ಚೆನ್ನಾಗಿ ಕಥೆ ಹೇಳುವವರಿಗೇ ಊರೆಲ್ಲ ಸೇರಿಬಿಡುತ್ತದೆ.

ಲಿಲಾವು ಆಯಿತು. ಡಂಗುರವೂ ಸಾರಿದರು. ಜಾಲಿ ತುಂಬಿದ, ಸಂಜೆಯಾದರೆ ಜನ ಹಾಯದ ಆ ದೊಡ್ಡಿಗೆ ಮಿಸ್ತ್ರಿಯೊಬ್ಬನನ್ನು ಬಿಟ್ಟು ಕೂಗುವವರಿರಲಿಲ್ಲ. ಮೂರು ಫೇಜಿನ ಲೈನು ಎಳೆಸಲು ಪಟ್ಟ ಪಾಡು ಬೇರೆಯೇ ಕಥೆ, ಅದಕ್ಕೆ ಇನ್ನೊಂದು ಚಳಿಗಾಲ ಬೇಕು. ಅವನ ಕೂರಿಗೆ ಏನೂ ಜಗತ್ಪ್ರಸಿದ್ಧವಾಗಲಿಲ್ಲ. ಕಡಲೆಯ ಸಮಸ್ಯೆಯನ್ನು ಉರುಳೆಗೆ ಹಳೇ ಟೈರಿನ ರಬ್ಬರು ಸುತ್ತಿ ಬಗೆಹರಿಸಿದ. ಸುತ್ತಲಿನ ಹಳ್ಳಿಗಳವರು ಮುಂಗಡ ಕೊಟ್ಟು ಮಾಡಿಸಿಕೊಂಡರು. ಅವನ ಕೈಕೆಳಗೆ ಕಲಿತ ಹುಡುಗರು ಅದೇ ಗೋಡೆಗೆ ಒತ್ತಿ ಶೆಡ್ಡು ಹಾಕಿದರು, ಒಬ್ಬ ಟ್ರೇಲರಿಗೆ, ಒಬ್ಬ ಬೋರಿನ ಪೈಪಿಗೆ, ಒಬ್ಬ ಕಿಟಕಿ ಗ್ರಿಲ್ಲಿಗೆ. ಹಳೇ ಬಸ್ ನಿಲ್ದಾಣದ ಹಿಂದೆ ಮಳಿಗೆಯೂ ಎದ್ದಿತು, ಅದರ ಬಾಡಿಗೆ ಬಾಕಿಯ ವಿಷಯ ಪ್ರತಿ ಸಭೆಯಲ್ಲೂ ಬರುತ್ತಿತ್ತು. ಕಾಕಾ ದುಡಿದ ಹರಿಹರದ ಕಾರ್ಖಾನೆಯೂ ಮುಂದೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅದನ್ನು ನೋಡಲು ಅವರಿರಲಿಲ್ಲ.

ಹಾಂ, ಒಂದು ಮಾತು ಉಳಿಯಿತು. ಮೊದಲ ತಿಂಗಳ ಬಾಡಿಗೆ ಕಟ್ಟಲು ಮಿಸ್ತ್ರಿ ಹೋದಾಗ ಕಾರಕೂನನಿಗೆ ಪೇಚಾಟ. ಆ ಜಾಗದ ಹೆಸರಲ್ಲಿ ಇದ್ದದ್ದು ಕೊಂಡವಾಡದ ಪಾವತಿ ಪುಸ್ತಕವೊಂದೇ, ಹೊಸದು ಅಚ್ಚಾಗಿ ಬರುವತನಕ ಕಾಯುವಂತಿಲ್ಲ. ಹಿಂದೆಮುಂದೆ ನೋಡಿ ಅದರಲ್ಲೇ ಹರಿದುಕೊಟ್ಟ. ದನದ ಮಾಲೀಕನ ಹೆಸರು ಇರಬೇಕಾದಲ್ಲಿ ಮಿಸ್ತ್ರಿಯ ಹೆಸರು, ದನದ ವರ್ಣನೆ ಎಂಬಲ್ಲಿ, ಗುಂಡು ಅಕ್ಷರದಲ್ಲಿ, “ಲೇಥು, ಒಂದು.”