ಕ್ಯಾಮೆರಾ ಇಲ್ಲದ ಕಂಪ್ಯೂಟರು, ಮಲಗಿದ ಬುದ್ಧ

ಶಹಾಪುರದ ಮನಿಯ ಹಳೇ ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲ. ಮೈಕ್ ಇರೋ ಹೆಡ್‌ಫೋನ್ ಒಂದೈತಿ, ಅಷ್ಟೇ. "ಮತ್ತ ವಿಡಿಯೊ ಕಾಲ್ ಹೆಂಗ ಮಾಡ್ತಿ?" ಅಂತ ಸುರಪುರದ ಅತ್ತಿ ನಗ್ತಾಳ. ನನ್ನ ಮುಖ ಯಾರಿಗೆ ಬೇಕಾಗೈತಿ? ಬೆಂಗಳೂರಿನಾಗಿರೋ ಅಕ್ಕನ ಕೂಸನ್ನ ನಾನು ನೋಡಿದ್ರ ಸಾಕು.

ಹುಡುಕಿದೆ. ಸ್ಕೈಪ್ 2025ರ ಮೇನಲ್ಲೇ ಕಣ್ಣು ಮುಚ್ಚಿತು. ಝೂಮ್ ಪುಕ್ಕಟೆ ಖಾತೆಗೆ 40 ನಿಮಿಷಕ್ಕ ಬಾಗಿಲು ಹಾಕತೈತಿ. ನಮ್ಮ ಯಾದಗಿರಿ ಕಡೆ ಅಷ್ಟರಾಗ 'ಆರಾಮಿದ್ದೀರಿ?' ಅನ್ನೋದೇ ಮುಗಿಯೂದಿಲ್ಲ! ಜಿಟ್ಸಿ ಸರಳ, ಆದ್ರ ಕರೆ ಶುರು ಮಾಡೋರು ಲಾಗಿನ್ ಆಗಬೇಕು. ಕಡೀಗೆ ಗೂಗಲ್ ಮೀಟ್‌ಗೆ ಬಂದು ನಿಂತೆ. ಮೂರು ಮಂದಿ ಸೇರಿದ್ರ 60 ನಿಮಿಷ, ಇಬ್ಬರೇ ಇದ್ರ 24 ತಾಸು. ಬ್ರೌಸರ್‌ನಾಗೇ ತೆರೀತೈತಿ. ಕ್ಯಾಮೆರಾ ಸಿಗಲಿಲ್ಲ ಅಂತ ಒಮ್ಮೆ ಗೊಣಗಿ ಒಳಗ ಬಿಡತೈತಿ. ನಮ್ಮ ಕಡೆಯಿಂದ ಹೋಗೂದು ಬರೀ ದನಿ, ಹಿಂಗಾಗಿ ನೆಟ್ ಕುಂಟಿದ್ರೂ ಮಾತು ಕಡಿಯೂದು ಕಡಿಮಿ.

ಆಂಡ್ರಾಯ್ಡ್ 14 ಇರೋ ಕೆಲವು ಫೋನುಗಳನ್ನ ವೈರ್ ಹಾಕಿ ವೆಬ್‌ಕ್ಯಾಮ್ ಮಾಡಬಹುದಂತ. ನನ್ನ ಫೋನಿಗೆ ಆ ಭಾಗ್ಯ ಇಲ್ಲ.

ಕ್ಯಾಮೆರಾ ಇಲ್ಲದವರ ಜಾಗದಾಗ ಪ್ರೊಫೈಲ್ ಚಿತ್ರ ಕಾಣತೈತಲ್ಲ, ಅಲ್ಲಿಗೆ ಮಲಗಿದ ಬುದ್ಧನಂಗ ಕಾಣೋ ನಮ್ಮೂರಿನ ಬೆಟ್ಟದ ಚಿತ್ರ ಹಾಕೀನಿ. ಅರ್ಧ ತಾಸು ನಾ ಮಾತಾಡೇ ಮಾತಾಡಿದೆ. ಆ ಕಡೆ ಕೂಸು ತುಟಿ ಮ್ಯಾಲ ಬಟ್ಟಿಟ್ಟು ಅವರವ್ವಗ ಹೇಳತಿತ್ತು: "ಶ್ಶ್... ಮಾಮಾ ಮಲಗ್ಯಾನ."