ಗೊತ್ತಿಲ್ಲ, ನೋಡೋಣ

ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಗಳಲ್ಲಿ ಗಣಿತ ಬೋಧಿಸಿ ನಿವೃತ್ತನಾದವನು ನಾನು. ಶಾಲೆಗೆ ಗಣಕಯಂತ್ರ ಬಂದರೆ ಉಪಾಧ್ಯಾಯನ ಮಾತಿಗೆ ಬೆಲೆ ಕುಗ್ಗೀತೆಂಬ ಅಳುಕು ನನ್ನಲ್ಲಿ ಬಹುಕಾಲ ಇತ್ತು. ಟಿ. ದಾಸರಹಳ್ಳಿಯಲ್ಲಿ ನಮ್ಮ ನೆರೆಮನೆಯ ಯುವ ಶಿಕ್ಷಕಿಯೊಬ್ಬರು, "ಮೇಷ್ಟ್ರೇ, ಒಂದು ದಿನ ನಮ್ಮ ತರಗತಿಗೆ ಬಂದು ಕುಳಿತುಕೊಳ್ಳಿ" ಎಂದು ಕರೆದಾಗ ಆ ಅಳುಕಿನೊಡನೆಯೇ ಹೋದೆ.

ಅಲ್ಲಿ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೇ ಹೆಚ್ಚು. ಮೂವತ್ತು ಮಕ್ಕಳಿಗೆ ಆರು ಗಣಕಯಂತ್ರಗಳು. ಕೊರತೆಯೆಂದು ಮೊದಲು ಮರುಗಿದೆ. ಆದರೆ ಒಂದೊಂದರ ಮುಂದೆ ಐವರು ಕುಳಿತಿದ್ದರಿಂದಲೇ ಅಲ್ಲಿ ಚರ್ಚೆ ಹುಟ್ಟಿತು. ತೆರೆಯ ಮೇಲಿದ್ದುದು ಜಿಯೋಜೀಬ್ರ. ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ರೂಪಿಸತೊಡಗಿದ ಈ ತಂತ್ರಾಂಶ ಶಾಲೆಗಳಿಗೆ ಉಚಿತ. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯು ಶಿಕ್ಷಣ ಇಲಾಖೆಯೊಡಗೂಡಿ 2010ರ ದಶಕದಲ್ಲಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಇದರ ಬಳಕೆಯನ್ನು ಕಲಿತರು.

ಮಕ್ಕಳು ಒಂದು ಚತುರ್ಭುಜವನ್ನು ರಚಿಸಿ, ಅದರ ಬಾಹುಗಳ ಮಧ್ಯಬಿಂದುಗಳನ್ನು ಜೋಡಿಸಿದರು. ಒಳಗೆ ಸಮಾಂತರ ಚತುರ್ಭುಜ ಮೂಡಿತು. ಶೃಂಗವನ್ನು ಎತ್ತ ಎಳೆದರೂ ಅದು ಹಾಗೆಯೇ ಉಳಿಯಿತು. ಆಗ ಕಲಬುರಗಿ ಕಡೆಯ ಹುಡುಗನೊಬ್ಬ, "ಇದನ್ನ ಒಳಗ ತಳ್ಳಿದ್ರ ಏನಾಗ್ತದ್ರಿ, ಟೀಚರ್?" ಎಂದ.

ನನ್ನ ಎದೆ ಧಸಕ್ಕೆಂದಿತು. ಇದೇ ಪ್ರಶ್ನೆಯನ್ನು ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನ ಹುಡುಗನೊಬ್ಬ ಕೇಳಿದ್ದ. "ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದಿದ್ದೆ. ನಿಜವಾಗಿ ನನಗೆ ಉತ್ತರ ತಿಳಿದಿರಲಿಲ್ಲ. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಈ ತಾಯಿ ಮಾತ್ರ, "ಗೊತ್ತಿಲ್ಲ, ತಳ್ಳಿ ನೋಡೋಣ" ಎಂದರು. ಅವರಿಗೆ ಗೊತ್ತಿತ್ತೆಂದೇ ನನ್ನ ಅನುಮಾನ! ಶೃಂಗವು ಒಳಸರಿದು ಆಕೃತಿ ಬಾಣದ ಮೊನೆಯಂತಾಯಿತು. ಸಮಾಂತರ ಚತುರ್ಭುಜ ಕದಲಲಿಲ್ಲ. "ಯಾಕೆ?" ಎಂಬುದಕ್ಕೆ ಯಂತ್ರ ಮೌನವಾಗಿತ್ತು. ಐವರೂ ವಾದಿಸಿದರು. ಕೊನೆಗೆ ಹುಡುಗಿಯೊಬ್ಬಳು ಕರ್ಣವನ್ನೆಳೆದು, ಎದುರುಬದುರಾದ ಎರಡು ರೇಖೆಗಳೂ ಅದಕ್ಕೆ ಸಮಾಂತರ, ಅದರ ಅರ್ಧದಷ್ಟೇ ಉದ್ದ ಎಂದು ಒಂಬತ್ತನೆಯ ತರಗತಿಯ ಮಧ್ಯಬಿಂದು ಪ್ರಮೇಯದಿಂದ ತೋರಿಸಿದಳು. ಫ್ರಾನ್ಸಿನ ಪಿಯರ್ ವರಿಗ್ನಾನ್‌ನ ಈ ಪ್ರಮೇಯ 1731ರಲ್ಲಿ ಅಚ್ಚಾಯಿತೆಂಬುದು ಆ ಮಗುವಿಗೆ ತಿಳಿಯದು.

ಅಷ್ಟರಲ್ಲಿ ವಿದ್ಯುತ್ ಹೋಯಿತು. ಆದರೂ ಯಾರೂ ಏಳಲಿಲ್ಲ. ಹಿಂದಿನಿಂದ ಒಬ್ಬ, ಕಾಗದದ ಚತುರ್ಭುಜವನ್ನು ಕರ್ಣದ ಗುಂಟ ಮಡಚಿ ಎತ್ತಿ ಹಿಡಿದು, "ಹೀಗೆ ಎದ್ದು ನಿಂತರೆ?" ಎಂದ. ಶಿಕ್ಷಕಿ ನನ್ನತ್ತ ನೋಡಿದರು. "ನನಗೂ ಗೊತ್ತಿಲ್ಲಪ್ಪ" ಎಂದೆ. ಮೇಷ್ಟ್ರಾದವನ ಬಾಯಲ್ಲಿ ಈ ಮಾತು ಬರಲು ಇಷ್ಟು ವರ್ಷ ಬೇಕಾಯಿತು.

ಸಂಜೆ ಮನೆಯಲ್ಲಿ ಪೊರಕೆಯ ಕಡ್ಡಿ, ಸೈಕಲ್ ವಾಲ್ವ್ ಟ್ಯೂಬುಗಳನ್ನು ಮುಂದಿಟ್ಟುಕೊಂಡು ಕುಳಿತೆ. ಮನೆಯವರು ನಕ್ಕರು. ಕಡ್ಡಿಗಳು ಎದ್ದು ನಿಂತರೂ ಮಧ್ಯಬಿಂದುಗಳಿಗೆ ಕಟ್ಟಿದ ದಾರ ಒಂದೇ ಸಮತಲದಲ್ಲಿ ಸಮಾಂತರವಾಗಿಯೇ ಉಳಿಯಿತು. ಮರುದಿನ ಅದನ್ನು ಶಾಲೆಗೆ ಒಯ್ದೆ. ಉತ್ತರ ಹೇಳದೆ, ಕಡ್ಡಿಗಳನ್ನು ಬಿಚ್ಚಿ ಆ ಹುಡುಗನ ಕೈಗೆ ಕೊಟ್ಟೆ.