ಕಾವಲು ದಾರಿ ತಪ್ಪಿದಾಗ

ನಿಟ್ಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನಮ್ಮ ಚಾಚಾ ಅವರಿಗೆ ಮೊದಲು ಬೆರಳುಗಳು ಉರಿಯತೊಡಗಿದವು. ಕೆಲವೇ ವಾರಗಳಲ್ಲಿ, ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂಬುದು ಅವರ ಕೈಗೆ ತಿಳಿಯದಾಯಿತು. ನಲ್ಲಿಯ ಬಳಿ ನಿಂತು ವುಝೂ ಮಾಡುವಾಗ ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ದೇಹ ತೂರಾಡುತ್ತಿತ್ತು. ಸಕ್ಕರೆ ಕಾಯಿಲೆ ಇರಲಿಲ್ಲ. ಬಂಧುಗಳಲ್ಲಿ ಕೆಲವರು ಮಾಟವೆಂದರು, ತಾಯಿತವೂ ಬಂದಿತು. ದುಆ ನಮ್ಮ ಆಸರೆ, ನಿಜ. ಆದರೆ ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ)ರೇ ಕಲಿಸಿರುವಾಗ ತಾಯಿತವನ್ನು ನಂಬಿ ವಾರಗಳನ್ನು ಕಳೆಯುವುದು ನನಗೆ ಸರಿಕಾಣಲಿಲ್ಲ.

ಬೆಂಗಳೂರಿನ ನರರೋಗ ತಜ್ಞರು ರಕ್ತ ಪರೀಕ್ಷಿಸಿ, ಎದೆಯ ಸ್ಕ್ಯಾನ್ ಮಾಡಿಸಿದರು. ಶ್ವಾಸಕೋಶದಲ್ಲಿ ಗಡ್ಡೆಯಿತ್ತು. ಅಲ್ಲಿಯವರೆಗೆ ಅವರಿಗೆ ಕೆಮ್ಮು ಕೂಡ ಇರಲಿಲ್ಲ!

ಕೆಲವು ಕ್ಯಾನ್ಸರ್ ಕೋಶಗಳು ನರಕೋಶಗಳಲ್ಲಿ ಮಾತ್ರ ಇರಬೇಕಾದ ಪ್ರೋಟೀನನ್ನು ತಯಾರಿಸುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಸಿ ಗಡ್ಡೆಯ ಮೇಲೆರಗುತ್ತದೆ. ಅದೇ ಗುರುತು ಹೊತ್ತ ನರಕೋಶಗಳನ್ನೂ ಬಿಡುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿ ಸ್ಪರ್ಶದ ಸುದ್ದಿ ಸಾಗಿಸುವ ಕೋಶಗಳು ಹೀಗೆ ನಾಶವಾದರೆ, ಕೈಕಾಲು ಎಲ್ಲಿದೆಯೆಂದು ಕಣ್ಣಿಟ್ಟು ನೋಡಿಯೇ ತಿಳಿಯಬೇಕು. ಡೆನ್ನಿ-ಬ್ರೌನ್ ಎಂಬ ವೈದ್ಯರು 1948ರಲ್ಲಿಯೇ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಇಂಥ ನರಹಾನಿಯನ್ನು ವಿವರಿಸಿದ್ದರು. ಗಡ್ಡೆ ಪತ್ತೆಯಾಗುವ ಮೊದಲೇ ನರಗಳು ಸೋಲುವುದು ಇದರಲ್ಲಿ ಸಾಮಾನ್ಯ.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ಗೂ, ರಫೀ ಅಹ್ಮದ್ ಕಿದ್ವಾಯಿ ಅವರ ಹೆಸರು ಹೊತ್ತ ಕ್ಯಾನ್ಸರ್ ಆಸ್ಪತ್ರೆಗೂ ಹೆಚ್ಚು ದೂರವಿಲ್ಲ. ಎರಡು ಬಗೆಯ ವೈದ್ಯರೂ ಬೇಕಾಗುವ ರೋಗವಿದು. ಗಡ್ಡೆಗೆ ಚಿಕಿತ್ಸೆಯಾದರೆ ಹಾನಿ ಅಲ್ಲಿಗೇ ನಿಲ್ಲಬಹುದು. ಸತ್ತ ನರಕೋಶಗಳು ಮಾತ್ರ ಮರಳುವುದಿಲ್ಲ. ಚಾಚಾ ಅವರಿಗೆ ಆದದ್ದೂ ಅಷ್ಟೇ. ಅಲ್ಹಮ್ದುಲಿಲ್ಲಾಹ್, ಅಷ್ಟಾದರೂ ಆಯಿತು.

ಅವರನ್ನು ಹೆಚ್ಚು ಕಾಡಿದ್ದು ನೋವಲ್ಲ, ಇಬಾದತ್ತಿನ ಚಿಂತೆ. ಸಫ್ಫಿನಲ್ಲಿ ಕುರ್ಚಿ ಹಾಕಿಕೊಳ್ಳಲು ಸಂಕೋಚ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಝ್ ಮಾಡಲು ಪ್ರವಾದಿ(ಸ)ರು ಹೇಳಿದ್ದನ್ನು ಇಮಾಮರು ನೆನಪಿಸಿದ ಮೇಲೆ ಆ ಸಂಕೋಚ ಹೋಯಿತು. ಉಳಿದದ್ದು ವುಝೂವಿನ ಸಂದೇಹ. ನೀರು ತಾಗಿದ್ದೇ ತಿಳಿಯದ ಕೈಯನ್ನು ಅವರು ಮತ್ತೆ ಮತ್ತೆ ತೊಳೆಯುತ್ತಿದ್ದರು. “ಒದ್ದೆಯಾದದ್ದು ಕಣ್ಣಿಗೆ ಕಂಡರೆ ಸಾಕು ಭಾಯಿ, ಚರ್ಮದ ಸಾಕ್ಷಿ ಬೇಕಿಲ್ಲ,” ಎಂದರು ಇಮಾಮರು. ಈಗ ಚಾಚಾ ಫಜ್ರ್‌ಗೆ ಎದ್ದರೆ ಮೊದಲು ದೀಪ ಹಾಕುತ್ತಾರೆ. ಚಾಚಿ ನೀರಿನ ಬಿಸಿ ನೋಡಿ ಚೊಂಬನ್ನು ಕೊಡುತ್ತಾರೆ.